ಅಲೆಯ ಮೇಲೊಂದು ಸಂಘ

ಸಂಘ ಕಟ್ಟುವುದರಲ್ಲಿ ನಮ್ಮ ಕರಾವಳಿಯವರನ್ನು ಮೀರಿಸುವವರು ಯಾರೂ ಇಲ್ಲವೆಂದು ತೋರುತ್ತದೆ. ನಾಲ್ಕು ಮನೆ ಸೇರಿದಲ್ಲಿ ಒಂದು ಭಜನಾ ಮಂಡಳಿ. ಎಂಟು ಮನೆ ಸೇರಿದಲ್ಲಿ ಒಂದು ಯುವಕ ಸಂಘ. ಹದಿನಾರು ಮನೆ ಸೇರಿತೋ, ಆ ಎರಡೂ ಒಡೆದು ನಾಲ್ಕಾಗುತ್ತವೆ. ಯಕ್ಷಗಾನಕ್ಕೆ ಸಂಘವುಂಟು, ಕಂಬಳಕ್ಕೆ ಸಮಿತಿಯುಂಟು, ಹುಲಿವೇಷಕ್ಕೆ ಬಳಗವುಂಟು. ಸಂಘವೆಂದ ಮೇಲೆ ಅಧ್ಯಕ್ಷ, ಕಾರ್ಯದರ್ಶಿ, ರಸೀದಿ ಪುಸ್ತಕ, ವಾರ್ಷಿಕೋತ್ಸವ, ಆ ವಾರ್ಷಿಕೋತ್ಸವದ ಲೆಕ್ಕ ಒಪ್ಪಿಸುವಾಗಿನ ಜಗಳ ಇಷ್ಟೂ ಇರಲೇಬೇಕು. ಇಂಥ ನಾಡಿನಲ್ಲಿ ಹುಟ್ಟಿ, ಕೆಲಸದ ದೆಸೆಯಿಂದ ಮೂವತ್ತು ವರ್ಷ ಘಟ್ಟದ ಮೇಲೆ ಕಳೆದು, ಮುಪ್ಪಿನಲ್ಲಿ ಮರಳಿ ಬಂದ ನನಗೆ ಹೊಸದಾಗಿ ಕಂಡ ಸಂಘವೆಂದರೆ ಒಂದೇ: ಸಮುದ್ರದ ಅಲೆಯ ಮೇಲೆ ನಿಲ್ಲುವುದಕ್ಕೆಂದೇ ಕಟ್ಟಿದ ಸಂಘ.

ಅದು ಇರುವುದು ಮೂಲ್ಕಿಯಲ್ಲಿ. ಮಂಗಳೂರಿನಿಂದ ಉಡುಪಿಯ ಹಾದಿಯಲ್ಲಿ ಸುಮಾರು ೩೦ ಕಿಲೊಮೀಟರು ಹೋದರೆ ಶಾಂಭವಿ ನದಿ ಸಿಕ್ಕುತ್ತದೆ. ಅದರ ದಡದಲ್ಲಿ ಬಪ್ಪನಾಡಿನ ದುರ್ಗಾಪರಮೇಶ್ವರಿಯ ದೇವಸ್ಥಾನ. ಬಪ್ಪನೆಂಬ ಬ್ಯಾರಿ ವರ್ತಕನ ಹೆಸರನ್ನು ಹೊತ್ತ ಊರಿನಲ್ಲಿ ದೇವಿ ಕುಳಿತಿದ್ದಾಳೆ. ಆತನ ಕಥೆಯನ್ನು ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊರಗಿನಿಂದ ಬಂದವನನ್ನು ತನ್ನವನೆಂದು ಮಾಡಿಕೊಳ್ಳುವುದು ಆ ಊರಿಗೆ ಹಳೆಯ ರೂಢಿ ಎಂಬುದಕ್ಕೆ ಈ ಮಾತು ಹೇಳಿದೆ. ಶಾಂಭವಿಯೂ ನಂದಿನಿಯೂ ಕೂಡಿ ಸಸಿಹಿತ್ಲುವಿನ ಬಳಿ ಕಡಲನ್ನು ಸೇರುತ್ತವೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಮರಳಿನ ನಾಲಿಗೆ. ಅಳಿವೆಯೆಂದರೆ ಹೀಗಿರಬೇಕು ಎನ್ನುವ ಹಾಗಿದೆ.

ಈ ಮೂಲ್ಕಿಯಲ್ಲಿ ೨೦೦೪ರಲ್ಲಿ ‘ಮಂತ್ರ ಸರ್ಫ್ ಕ್ಲಬ್’ ಹುಟ್ಟಿತು. ಭಾರತದ ಮೊದಲನೆಯ ಸರ್ಫಿಂಗ್ ಸಂಘವೆಂದು ಅದನ್ನು ಕರೆಯುತ್ತಾರೆ. ಅದರ ಮೂಲಪುರುಷರು ಜ್ಯಾಕ್ ಹೆಬ್ನರ್ ಎಂಬವರು, ಅಮೆರಿಕದ ಫ್ಲಾರಿಡಾದವರು. ೧೯೬೩ರಲ್ಲಿ, ಹುಡುಗರಾಗಿದ್ದಾಗಲೇ, ಹಲಗೆ ಹಿಡಿದು ಕಡಲಿಗಿಳಿದವರು. ಮುಂದೆ ಅವರ ಮನಸ್ಸು ಭಕ್ತಿಯ ಕಡೆಗೆ ತಿರುಗಿತು. ಭಾರತಕ್ಕೆ ಬಂದು ಗೌಡೀಯ ವೈಷ್ಣವ ಪಂಥದಲ್ಲಿ ಸಂನ್ಯಾಸ ಸ್ವೀಕರಿಸಿದರು. ಕಾವಿ ಉಟ್ಟರೂ ಹಲಗೆಯನ್ನು ಬಿಡಲಿಲ್ಲ. ಆದುದರಿಂದ ಪತ್ರಿಕೆಗಳವರು ಅವರಿಗೆ ‘ಸರ್ಫಿಂಗ್ ಸ್ವಾಮಿ’ ಎಂದು ಹೆಸರಿಟ್ಟರು. ಹೊಳೆಯ ದಡದಲ್ಲಿ ಒಂದು ಆಶ್ರಮ; ಅಲ್ಲಿ ಮಾಂಸವಿಲ್ಲ, ಮದ್ಯವಿಲ್ಲ; ಜಪವುಂಟು, ಅಲೆಯುಂಟು. ಭವಸಾಗರವನ್ನು ದಾಟಿಸುವ ಹೊಣೆ ಹೊತ್ತ ಸಂನ್ಯಾಸಿಗಳನ್ನು ನಮ್ಮ ದೇಶ ಸಾವಿರಗಟ್ಟಲೆ ಕಂಡಿದೆ. ಅವರಿಗೆಲ್ಲ ಸಾಗರವೆಂದರೆ ಬೇಗ ದಾಟಿ ಮುಗಿಸಬೇಕಾದ ವಸ್ತು. ಸಾಗರದ ಮೇಲೆಯೇ ಸ್ವಲ್ಪ ಹೊತ್ತು ನಿಂತು ನೋಡೋಣ ಎಂದ ಸಂನ್ಯಾಸಿ ಇವರೊಬ್ಬರೇ ಇರಬೇಕು. ೨೦೨೦ರಲ್ಲಿ ಅವರು ತೀರಿಕೊಂಡರು.

ಇದರಲ್ಲಿ ಸೋಜಿಗವೇನು ಎಂದು ಘಟ್ಟದ ಮೇಲಿನವರು ಕೇಳಬಹುದು. ಕಡಲ ಮಕ್ಕಳಿಗೆ ಕಡಲಾಟ ಹೊಸದೇ ಎಂದು ಅವರಿಗೆ ಅನಿಸುವುದು ಸಹಜ. ಆದರೆ ನಮ್ಮಲ್ಲಿ ಕಡಲಿನೊಡನೆ ಆಡುವ ಸಲಿಗೆ ಇರಲಿಲ್ಲ. ಮೊಗವೀರರಿಗೆ ಅದು ಗದ್ದೆ. ಆ ಗದ್ದೆಯಲ್ಲಿ ದುಡಿಯದೆ ಒಲೆ ಹೊತ್ತುವುದಿಲ್ಲ. ನೂಲಹುಣ್ಣಿಮೆಯ ದಿನ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ‘ಈ ವರ್ಷವೂ ಕಾಪಾಡು ತಾಯಿ’ ಎಂದು ಕೈಮುಗಿದು ದೋಣಿ ನೂಕುವವರು ಅವರು. ರಾಂಪಣಿ ಬಲೆಯ ಕಾಲದಲ್ಲಿ ಒಂದು ಬಲೆಯನ್ನು ಎಳೆಯುವುದಕ್ಕೆ ಊರಿಗೆ ಊರೇ ಸೇರುತ್ತಿದ್ದಿತು. ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳೂ ಹೊಸ ಬಲೆಗಳೂ ಬಂದು ಅದು ಹಿಂದೆ ಸರಿಯಿತು. ಮಿಕ್ಕವರಾದ ನಮಗೆಲ್ಲ ಕಡಲು ದೂರದಿಂದ ನೋಡತಕ್ಕದ್ದು, ರಾತ್ರಿ ಮಲಗಿದಾಗ ಕೇಳತಕ್ಕದ್ದು, ಅಷ್ಟೆ. ‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎನ್ನುವ ಗಾದೆಯನ್ನು ಕಟ್ಟಿದವನು ನಮ್ಮ ಮನೆಯ ಪಕ್ಕದಲ್ಲಿಯೇ ಇದ್ದನೇನೋ! ನಮ್ಮ ಅಜ್ಜಿಯ ಕಟ್ಟಳೆ ಎರಡೇ: ಹರಡಿನ ಮೇಲೆ ನೀರು ಬರಬಾರದು, ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಎರಡು ಫರ್ಲಾಂಗಿನ ಆಚೆ ಕಡಲಿದ್ದೂ, ಬಾವಿಯಲ್ಲಿ ಈಜು ಕಲಿತ ಮಕ್ಕಳು ನಾವು.

ಈ ಆಟದ ಸಂಗತಿ ಚೆನ್ನಾಗಿ ತಿಳಿಯಬೇಕಾದರೆ ಅದರ ತವರುಮನೆಗೆ ಒಮ್ಮೆ ಹೋಗಿಬರಬೇಕು. ಆ ತವರು ಹವಾಯಿ ದ್ವೀಪಗಳು. ಅಲ್ಲಿ ಅರಸರು ಉದ್ದನೆಯ ಹಲಗೆಯ ಮೇಲೆ, ಜನಸಾಮಾನ್ಯರು ಗಿಡ್ಡ ಹಲಗೆಯ ಮೇಲೆ, ಹೆಂಗಸರು ಮಕ್ಕಳೆನ್ನದೆ ಎಲ್ಲರೂ ಅಲೆ ಏರುತ್ತಿದ್ದರು. ೧೭೭೮ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಅಲ್ಲಿಗೆ ಬಂದವು. ಹಡಗುಗಳ ಹಿಂದೆಯೇ ರೋಗಗಳು ಬಂದವು. ೧೮೨೦ರಲ್ಲಿ ಪಾದ್ರಿಗಳು ಬಂದರು. ಜನ ಸತ್ತು ಸತ್ತು ಕಡಿಮೆಯಾದರು. ಉಳಿದವರಿಗೆ ಆಟ ಹಾಡು ಕುಣಿತಗಳು ಸೋಮಾರಿಗಳ ಕೆಲಸವೆಂಬ ಉಪದೇಶವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಲೆಯ ಮೇಲೆ ನಿಲ್ಲುವವರು ಬಲು ವಿರಳವಾಗಿದ್ದರು.

ಆಗ ಅಲೆಗ್ಸಾಂಡರ್ ಹ್ಯೂಮ್ ಫೋರ್ಡ್ ಎಂಬ ಅಮೆರಿಕನ್ ಬರಹಗಾರನಿಗೆ ಈ ಕಲೆಯನ್ನು ಉಳಿಸಬೇಕೆಂಬ ಹುಚ್ಚು ಹಿಡಿಯಿತು. ೧೯೦೮ರ ಮೇ ತಿಂಗಳಲ್ಲಿ ಹೊನೊಲುಲುವಿನ ವೈಕಿಕಿ ದಂಡೆಯಲ್ಲಿ ಆತ ‘ಔಟ್‌ರಿಗರ್ ಕನೂ ಕ್ಲಬ್’ ಸ್ಥಾಪಿಸಿದ. ಔಟ್‌ರಿಗರ್ ಎಂದರೆ ಪಕ್ಕಕ್ಕೆ ತೇಲುಮರ ಕಟ್ಟಿದ ದೋಣಿ; ನಮ್ಮ ಕರಾವಳಿಗೂ ಪರಿಚಯವಿರುವ ದೋಣಿಯೇ. ಸಂಘ ಬೇಗ ಬೆಳೆಯಿತು. ಆದರೆ ಬೆಳೆದದ್ದು ಬಿಳಿಯರಿಂದ. ಯಾರ ಕಲೆಯನ್ನು ಉಳಿಸುವುದಕ್ಕೆಂದು ಚಪ್ಪರ ಹಾಕಿದರೋ ಅವರಿಗೇ ಚಪ್ಪರದೊಳಗೆ ಮಣೆ ಸಿಕ್ಕುವುದು ಅಪರೂಪವಾಯಿತು. ಅಜ್ಜನ ತಿಥಿಗೆ ಮೊಮ್ಮಗನನ್ನು ಬಿಟ್ಟು ಊರನ್ನೆಲ್ಲ ಕರೆದ ಹಾಗೆ!

ದಂಡೆಯ ಹುಡುಗರು ಜಗಳವಾಡಲಿಲ್ಲ. ಅವರೂ ಒಂದು ಸಂಘ ಕಟ್ಟಿದರು. ೧೯೧೧ರಲ್ಲಿ ಅದಕ್ಕೆ ವಿಧಿವತ್ತಾದ ರೂಪ ಬಂತು. ಹೆಸರು ‘ಹುಯಿ ನಾಲು’. ಅವರ ಭಾಷೆಯಲ್ಲಿ ಅಲೆಯ ಸಂಘವೆಂದೇ ಅರ್ಥ. ಅದಕ್ಕೆ ಕಟ್ಟಡವಿರಲಿಲ್ಲ, ಕಡಲ ದಂಡೆಯ ಒಂದು ಮರದ ನೆರಳೇ ಸಭಾಭವನ. ಆ ನೆರಳಿನಿಂದ ಎದ್ದುಬಂದವರು ಡ್ಯೂಕ್ ಕಹನಮೋಕು. ಅದೇ ವರ್ಷದ ಆಗಸ್ಟಿನಲ್ಲಿ ಹೊನೊಲುಲು ಬಂದರಿನಲ್ಲಿ ಅವರು ನೂರು ಗಜವನ್ನು ೫೫.೪ ಸೆಕೆಂಡಿನಲ್ಲಿ ಈಜಿದರು. ಆಗಿನ ವಿಶ್ವದಾಖಲೆಗಿಂತ ೪.೬ ಸೆಕೆಂಡು ಕಡಿಮೆ! ಅಮೆರಿಕದ ಕ್ರೀಡಾಧಿಕಾರಿಗಳು ನಂಬಲಿಲ್ಲ, ದಾಖಲೆಯನ್ನು ಒಪ್ಪಲಿಲ್ಲ. ಮರುವರ್ಷ, ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ, ಡ್ಯೂಕ್ ೧೦೦ ಮೀಟರಿನ ಚಿನ್ನವನ್ನು ಗೆದ್ದು ಉತ್ತರ ಹೇಳಿದರು. ಅಲ್ಲಿಂದ ಅವರು ಹೋದ ಕಡೆಯಲ್ಲೆಲ್ಲ ಹಲಗೆಯೂ ಹೋಯಿತು. ೧೯೧೪ರ ಕೊನೆಯಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ ಅಲ್ಲಿಯೇ ಮರ ಕೊಯ್ಯಿಸಿ ಹಲಗೆ ಮಾಡಿ, ಸಿಡ್ನಿಯ ಫ್ರೆಶ್‌ವಾಟರ್ ದಂಡೆಯಲ್ಲಿ ಜನರಿಗೆ ಅಲೆ ಏರಿ ತೋರಿಸಿದರು. ೧೯೧೭ರಲ್ಲಿ ಔಟ್‌ರಿಗರ್ ಸಂಘದವರು ಅವರನ್ನೂ ಸದಸ್ಯರನ್ನಾಗಿ ಸೇರಿಸಿಕೊಂಡರು. ಎರಡು ಸಂಘಗಳೂ ಈಗಲೂ ಇವೆ.

ಈ ಕಥೆಯನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವುಂಟು. ಎಲ್ಲಿ ಅಲೆಯ ಸಂಘ ಹುಟ್ಟಿದರೂ ಒಂದು ಪ್ರಶ್ನೆ ಅದರ ಜೊತೆಯಲ್ಲಿಯೇ ಹುಟ್ಟುತ್ತದೆ: ಅಲೆ ಯಾರದು? ದಂಡೆಯಲ್ಲಿ ಹುಟ್ಟಿದವರದೋ, ಹಲಗೆ ಕೊಳ್ಳಬಲ್ಲವರದೋ? ಹವಾಯಿಯಲ್ಲಿ ಮಣ್ಣಿನ ಮಕ್ಕಳ ಆಟ ಹೊರಗಿನವರ ಕೈಗೆ ಹೋಯಿತು. ಅವರು ಅದನ್ನು ಮರಳಿ ಪಡೆಯಬೇಕಾಯಿತು. ಮೂಲ್ಕಿಯಲ್ಲಿ ಹೊರಗಿನವರು ಆಟವನ್ನು ತಂದರು. ಮಣ್ಣಿನ ಮಕ್ಕಳ ಕೈಗೆ ಅದು ಬರಬೇಕಾಯಿತು. ದಾರಿ ತಿರುಗುಮುರುಗು, ಪ್ರಶ್ನೆ ಅದೇ.

ಮೂಲ್ಕಿಯ ಸಂಘದ ಇಪ್ಪತ್ತು ವರ್ಷಗಳನ್ನು ಈ ಪ್ರಶ್ನೆಯ ಕನ್ನಡಿಯಲ್ಲಿ ನೋಡಿದರೆ ಸಮಾಧಾನವಾಗುತ್ತದೆ. ಮೊದಮೊದಲು ಹಲಗೆ ಹಿಡಿದವರು ಆಶ್ರಮದವರು, ಅವರನ್ನು ಹುಡುಕಿಕೊಂಡು ಬಂದ ವಿದೇಶೀಯರು. ಆಮೇಲೆ ಊರ ಮಕ್ಕಳು ಬಂದರು. ದೋಣಿಯಲ್ಲಿ ಕುಳಿತು ಅಲೆಯನ್ನು ಸೀಳಿಕೊಂಡು ಹೋಗುವವರ ಮಕ್ಕಳಿಗೆ ಅಲೆಯ ಗುಣವನ್ನು ಕಲಿಸಬೇಕಾಗಿರಲಿಲ್ಲ. ನಿಲ್ಲುವುದನ್ನು ಮಾತ್ರ ಕಲಿಸಬೇಕಾಗಿತ್ತು. ೨೦೧೬ರಲ್ಲಿ ಇಲ್ಲಿಯೇ ಕಲಿತ ತನ್ವಿ ಜಗದೀಶ್ ಎಂಬ ಹುಡುಗಿ, ನಿಂತು ಹುಟ್ಟುಹಾಕುವ ಹಲಗೆಯ ವಿಶ್ವಸ್ಪರ್ಧೆಯಲ್ಲಿ ಭಾರತದ ಪರವಾಗಿ ಫಿಜಿ ದ್ವೀಪದಲ್ಲಿ ಸ್ಪರ್ಧಿಸಿದಳು. ಅದೇ ವರ್ಷ ಮೇ ತಿಂಗಳಲ್ಲಿ ಸಸಿಹಿತ್ಲುವಿನಲ್ಲಿ ಮೊದಲನೆಯ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ನಡೆಯಿತು. ೨೦೨೩ರಲ್ಲಿ ಅದು ಪಣಂಬೂರಿನಲ್ಲಿ, ೨೦೨೪ರಲ್ಲಿ ಮತ್ತೆ ಸಸಿಹಿತ್ಲುವಿನಲ್ಲಿ ನಡೆದಿದೆ. ನಡುವೆ ೨೦೨೧ರಲ್ಲಿ, ಟೋಕಿಯೊ ಒಲಿಂಪಿಕ್ಸಿನಲ್ಲಿ, ಈ ಆಟಕ್ಕೆ ಮೊದಲ ಬಾರಿಗೆ ಪದಕದ ಮರ್ಯಾದೆಯೂ ಸಿಕ್ಕಿತು. ೨೦೨೫ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯಾ ಸ್ಪರ್ಧೆಯಲ್ಲಿ ಕಂಚು ಗೆದ್ದ ರಮೇಶ ಬೂದಿಹಾಳರು ಕಲಿತದ್ದು ಕೇರಳದ ಕೋವಳಂ ದಂಡೆಯಲ್ಲಿ. ಹೆಸರು ಮಾತ್ರ ನಮ್ಮ ಬಯಲುಸೀಮೆಯದು.

ನಮ್ಮ ಮನೆಗೂ ಈ ಗಾಳಿ ಬೀಸಿತು. ನನ್ನ ತಂಗಿಯ ಮೊಮ್ಮಗಳು, ಹದಿಮೂರರ ಹುಡುಗಿ, ತಾನೂ ಕಲಿಯಬೇಕೆಂದು ಹಟ ಹಿಡಿದಳು. ಮನೆಯಲ್ಲಿ ದೊಡ್ಡ ಸಭೆ ಸೇರಿತು. ಮೈ ಕಪ್ಪಾಗುತ್ತದೆ ಎಂದರು ಒಬ್ಬರು. ಕೂದಲು ಉದುರುತ್ತದೆ ಎಂದರು ಇನ್ನೊಬ್ಬರು. ಮೂರನೆಯವರು ನೇರವಾಗಿ ಅವಳ ಮದುವೆಗೇ ಹೋದರು. ಮುಳುಗಿದರೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಲ್ಲರ ಮನಸ್ಸಿನಲ್ಲಿದ್ದುದು ಅದೇ. ಕೊನೆಗೆ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿರುವವನು ನಾನೊಬ್ಬನೇ ಆದುದರಿಂದ, ನಾನು ಜೊತೆಯಲ್ಲಿ ಹೋಗಿ ದಡದಲ್ಲಿ ಕುಳಿತಿರಬೇಕೆಂದು ತೀರ್ಮಾನವಾಯಿತು. ಅವಳೇನಾದರೂ ಮುಳುಗಿದರೆ ಎಪ್ಪತ್ತು ದಾಟಿದ ಈ ಕಾವಲುಗಾರ ಮಾಡುವುದೇನೆಂದು ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಡಿಸೆಂಬರದ ಬೆಳಿಗ್ಗೆಗಳು. ಮಳೆಗಾಲದ ಕಡಲಿನ ರೋಷವಿಲ್ಲ. ಹಲಗೆ ಕಲಿಸುವ ತರುಣ ಮೊಗವೀರರ ಮನೆಯವನು. ತಂದೆಗೆ ದೋಣಿಯಲ್ಲಿ ಪಾಲುಂಟೆಂದು ಹೇಳಿದ. ಮೊದಲನೆಯ ಒಂದು ಗಂಟೆ ಅವನು ಮಕ್ಕಳನ್ನು ನೀರಿಗೇ ಇಳಿಸಲಿಲ್ಲ. ಮರಳಿನ ಮೇಲೆ ಕೂರಿಸಿ ಕಡಲನ್ನು ನೋಡಿಸಿದ. ‘ಎಲ್ಲಿ ಇಳಿಯಬಹುದು ಹೇಳಿ’ ಎಂದ. ಮಕ್ಕಳು ಅಲೆಯಿಲ್ಲದೆ ಸಮತಟ್ಟಾಗಿ, ಶಾಂತವಾಗಿ ಕಾಣುತ್ತಿದ್ದ ಒಂದು ಕಡೆಯನ್ನು ತೋರಿಸಿದರು. ದೂರದಲ್ಲಿ ಕುಳಿತಿದ್ದ ನಾನೂ ಮನಸ್ಸಿನಲ್ಲಿ ಅದನ್ನೇ ಆರಿಸಿಕೊಂಡಿದ್ದೆ. ಅವನು ನಕ್ಕು, ‘ಅದೇ ಸೆಳವು’ ಎಂದ.

ಅವನು ಹೇಳಿದ ಪಾಠವನ್ನು ನಾನು ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ. ಅಲೆಗಳು ದಂಡೆಗೆ ತಂದು ಸುರಿದ ನೀರು ಮರಳಿ ಹೋಗಲೇಬೇಕಷ್ಟೆ. ನೀರಿನೊಳಗಿನ ಮರಳದಿಣ್ಣೆಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಅದೆಲ್ಲ ಕೂಡಿಕೊಂಡು, ಕಡಲೊಳಗಿನ ಹೊಳೆಯಂತೆ ಆಚೆಗೆ ಹರಿಯುತ್ತದೆ. ತಗ್ಗಾದುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ; ಅಲೆ ಒಡೆಯದ್ದರಿಂದ ನೋಡುವವರಿಗೆ ಅದು ಕ್ಷೇಮವಾಗಿ ಕಾಣುತ್ತದೆ. ಅದರ ವೇಗ ಒಮ್ಮೊಮ್ಮೆ ಸೆಕೆಂಡಿಗೆ ೨ ಮೀಟರನ್ನೂ ಮೀರುವುದುಂಟು. ಒಲಿಂಪಿಕ್ಸಿನಲ್ಲಿ ಗೆದ್ದವನೂ ಅದಕ್ಕೆ ಎದುರಾಗಿ ಈಜಿ ದಡ ಸೇರಲಾರ. ಆದರೆ ಸೆಳವು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ಆಚೆಗೆ ಎಳೆಯುತ್ತದೆ. ಅಲೆ ಒಡೆಯುವ ಸಾಲಿನ ಆಚೆ ಹೋದ ಮೇಲೆ ಅದರ ಬಲ ಕುಂದುತ್ತದೆ. ಅದರೊಡನೆ ಗುದ್ದಾಡದೆ ತೇಲಿಕೊಂಡಿದ್ದು, ದಂಡೆಗೆ ಸಮಾನವಾಗಿ ಪಕ್ಕಕ್ಕೆ ಈಜಿದರೆ ಆ ಹೊಳೆಯಿಂದ ಹೊರಬೀಳಬಹುದು. ಅಲ್ಲಿಂದ ಅಲೆಗಳೇ ದಡಕ್ಕೆ ತರುತ್ತವೆ. ಹೆದರಿ, ದಡದ ಕಡೆಗೇ ಮುಖ ಮಾಡಿ, ಕೈಕಾಲು ಸೋಲುವವರೆಗೂ ಹೋರಾಡುವವರು ಮುಳುಗುತ್ತಾರೆ. ಇನ್ನೊಂದು ಮಾತನ್ನೂ ಅವನು ಹೇಳಿದ: ‘ನಾವು ಹಲಗೆಯವರು ಆಚೆ ಹೋಗುವುದಕ್ಕೆ ಈ ಸೆಳವನ್ನೇ ಹಿಡಿಯುತ್ತೇವೆ. ನಮಗೆ ಅದು ರಸ್ತೆ.’

ನಾನು ಏಳನೆಯ ತರಗತಿಯಲ್ಲಿದ್ದಾಗ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗನಿದ್ದ. ಬಾವಿಯಲ್ಲಿಯೂ ಹೊಳೆಯಲ್ಲಿಯೂ ಮೀನಿನ ಹಾಗೆ ಈಜುತ್ತಿದ್ದ. ಒಂದು ಭಾನುವಾರ ಕಡಲಿಗೆ ಹೋದವನು ಬರಲಿಲ್ಲ. ನಾನು ಆ ದಿನ ಅಲ್ಲಿರಲಿಲ್ಲ. ನೋಡಿದವರು ಹೇಳಿದುದನ್ನು ಕೇಳಿದ್ದೇನೆ. ನೀರು ಶಾಂತವಾಗಿತ್ತಂತೆ. ಅಲೆಯೇ ಇಲ್ಲದ ಕಡೆ ಇಳಿದನಂತೆ. ದಡದ ಕಡೆಗೇ ಈಜುತ್ತಿದ್ದನಂತೆ, ಆದರೂ ದೂರ ದೂರ ಹೋಗುತ್ತಿದ್ದನಂತೆ. ಮೂರನೆಯ ದಿನ ಆತನ ದೇಹ ಸಿಕ್ಕಿತು. ಊರಿನ ಹಿರಿಯರು ಹೇಳಿದುದು ಒಂದೇ ಮಾತು: ‘ಕಡಲು ಕರೆಯಿತು.’ ಆತನ ತಾಯಿಗೆ ಹೇಳುವುದಕ್ಕೆ ಅದಕ್ಕಿಂತ ಬೇರೆ ಮಾತು ಆಗ ಯಾರ ಬಳಿಯೂ ಇರಲಿಲ್ಲ. ಆಕೆ ಮತ್ತೆಂದೂ ಕಡಲ ಕಡೆಯ ಕಿಟಕಿಯನ್ನು ತೆರೆಯಲಿಲ್ಲ.

ಅರವತ್ತು ವರ್ಷಗಳ ತರುವಾಯ ಮರಳಿನ ಮೇಲೆ ಕುಳಿತು ಆ ಪಾಠವನ್ನು ಕೇಳಿದಾಗ, ಅಂದಿನ ಪ್ರತಿಯೊಂದು ‘ಅಂತೆ’ಗೂ ಕಾರಣ ಸಿಕ್ಕಿತು. ಕರೆಯುವುದು ಕಡಲಿನ ಗುಣವಲ್ಲ. ನೀರು ತಗ್ಗಿಗೆ ಹರಿಯುತ್ತದೆ, ಅಷ್ಟೆ. ಆತನಿಗೆ ಬೇಕಾಗಿದ್ದುದು ಹೆಚ್ಚಿನ ಶಕ್ತಿಯಲ್ಲ. ‘ಪಕ್ಕಕ್ಕೆ ಈಜು’ ಎಂಬ ಎರಡು ಪದ. ಆ ಎರಡು ಪದವನ್ನು ಹೇಳುವವರು ಕಡಲ ದಂಡೆಯ ನಮ್ಮ ಹಳ್ಳಿಯಲ್ಲಿ ಅಂದು ಇರಲಿಲ್ಲ. ದೋಣಿಯವರಿಗೆ ತಿಳಿದಿದ್ದಿತೋ ಏನೋ. ಅವರ ತಿಳಿವಳಿಕೆ ಅವರ ದೋಣಿಯಲ್ಲಿ, ನಮ್ಮ ಪಾಠಪುಸ್ತಕ ನಮ್ಮ ಶಾಲೆಯಲ್ಲಿ. ಎರಡರ ನಡುವೆ ಸೇತುವೆಯಿರಲಿಲ್ಲ.

ಹವಾಯಿಯ ಕಥೆಯಲ್ಲಿ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯನ್ನು ಈಗ ಹೇಳಬಹುದು. ೧೯೨೫ರ ಜೂನ್ ೧೪ರಂದು ಕ್ಯಾಲಿಫೋರ್ನಿಯದ ಕೊರೋನ ಡೆಲ್ ಮಾರ್ ದಂಡೆಯ ಬಳಿ ‘ತೆಲ್ಮಾ’ ಎಂಬ ದೋಣಿ ದೊಡ್ಡ ಅಲೆಗಳಿಗೆ ಸಿಕ್ಕಿ ಮಗುಚಿತು. ದಡದಲ್ಲಿದ್ದ ಡ್ಯೂಕ್ ಕಹನಮೋಕು ತಮ್ಮ ಹಲಗೆಯನ್ನು ಹಿಡಿದು ನೀರಿಗೆ ಬಿದ್ದರು. ಮತ್ತೆ ಮತ್ತೆ ಹೋಗಿ ಒಬ್ಬೊಬ್ಬರನ್ನಾಗಿ ಎಂಟು ಜನರನ್ನು ಆ ಹಲಗೆಯ ಮೇಲೆ ಹೊತ್ತು ತಂದರು. ಹದಿನೇಳು ಜನ ಸತ್ತರು. ಹಲಗೆಯೆಂಬುದು ಆಟದ ಸಾಮಾನಷ್ಟೇ ಅಲ್ಲವೆಂಬುದು ಆ ದೇಶದವರಿಗೆ ಆ ದಿನ ಚೆನ್ನಾಗಿ ಮನದಟ್ಟಾಯಿತು. ಜೀವರಕ್ಷಕರ ಕೈಯಲ್ಲಿ ಹಲಗೆ ಕಾಣುವುದು ಇಂದು ಲೋಕದ ಅನೇಕ ದಂಡೆಗಳಲ್ಲಿ ಸಾಮಾನ್ಯವಾಗಿದೆ.

ಆದುದರಿಂದ ಮೂಲ್ಕಿಯ ಸಂಘದ ಲೆಕ್ಕವನ್ನು ನಾನು ಬಹುಮಾನದ ಬಟ್ಟಲುಗಳಿಂದ ಹಾಕುವುದಿಲ್ಲ. ಭಯ ಒಂದೇ ಇದ್ದ ಕಡೆ ತಿಳಿವನ್ನೂ ಅದು ತಂದಿರಿಸಿತು. ಭಯ ಹೋಗಬಾರದು, ನಮ್ಮಜ್ಜಿಯ ಎರಡನೆಯ ಕಟ್ಟಳೆಯನ್ನು, ಕಡಲಿಗೆ ಬೆನ್ನು ಹಾಕಬಾರದೆಂಬುದನ್ನು, ಆ ತರುಣನೂ ಮಕ್ಕಳಿಗೆ ಮೊದಲನೆಯ ದಿನವೇ ಹೇಳಿದ. ಆಕೆ ಹೇಳದೆ ಬಿಟ್ಟ ಕಾರಣವನ್ನು ಅವನು ಸೇರಿಸಿದ, ಅಷ್ಟೆ.

ಎಲ್ಲವೂ ಮುಗಿಯಿತೆಂದಲ್ಲ. ಸಸಿಹಿತ್ಲುವಿನ ದಂಡೆಯನ್ನು ಕಡಲು ಕೊರೆಯುತ್ತಿದೆ. ನಿಂತು ನೋಡುವ ಮರಳೇ ಕರಗಿದರೆ ಸಂಘ ಎಲ್ಲಿ ಸೇರಬೇಕು? ಊರೂರಿಂದ ಕಾರುಗಳಲ್ಲಿ ಬಂದು ಎರಡು ದಿನ ಕಲಿತು ಹೋಗುವವರಿಗೆ ಶುಲ್ಕ ಕೊಡುವುದು ಕಷ್ಟವಲ್ಲ. ಬಲೆ ಹೆಣೆಯುವವರ ಮನೆಗೆ ಹಲಗೆಯ ಬೆಲೆ ದೊಡ್ಡದು. ಅಲೆ ಯಾರದು ಎಂಬ ಪ್ರಶ್ನೆ ಹೀಗೆ ಬೇರೆ ವೇಷದಲ್ಲಿ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಕಡಲ ದಂಡೆಯ ಶಾಲೆಗಳ ಮಕ್ಕಳಿಗೆಲ್ಲ ಹಲಗೆ ಸಿಕ್ಕದಿದ್ದರೂ ಚಿಂತೆಯಿಲ್ಲ. ವರ್ಷಕ್ಕೊಂದು ದಿನ ಮರಳಿನ ಮೇಲೆ ಕೂರಿಸಿ ಸೆಳವನ್ನು ತೋರಿಸುವ ಪಾಠವಾದರೂ ಸಿಕ್ಕಬೇಕು. ಪ್ರವಾಸಕ್ಕೆಂದು ಘಟ್ಟ ಇಳಿದು ಬರುವ ಮಕ್ಕಳಿಗಂತೂ ಕಡಲು ತೋರಿಸುವ ಮೊದಲೇ ಈ ಪಾಠವಾಗಬೇಕು.

ಹುಡುಗಿ ಹತ್ತನೆಯ ದಿನ ಹಲಗೆಯ ಮೇಲೆ ಎದ್ದು ನಿಂತಳು. ಎಣಿಸಿದರೆ ಮೂರು ಸೆಕೆಂಡು ಇರಬಹುದು. ಬಿದ್ದಳು, ಎದ್ದಳು, ಮತ್ತೆ ಹೋದಳು. ಸಂಘಗಳಲ್ಲೆಲ್ಲ ಸದಸ್ಯರ ಹೆಸರು ಬರೆಯುವ ಪುಸ್ತಕವಿರುತ್ತದೆ. ಗೆದ್ದವರ ಹೆಸರು ಬರೆಯುವ ಹಲಗೆಯೂ ಇರುತ್ತದೆ. ಸೆಳವಿಗೆ ಸಿಕ್ಕಿ, ಪಕ್ಕಕ್ಕೆ ಈಜಿ, ತಲೆ ಒರೆಸಿಕೊಂಡು ಮನೆಗೆ ಹೋಗಿ ಊಟ ಮಾಡಿದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಈ ಸಂಘ ಮಾಡಿದ ಕೆಲಸದ ದೊಡ್ಡ ಭಾಗ ಆ ಬರೆಯದ ಪುಸ್ತಕದಲ್ಲಿದೆ.